ಕೋರೆಗಾಂವಕ್ಕೆ ಹೊರಟಿದ್ದ ಹಲಗೆ

ಹೋಳಿ ಹುಣ್ಣಿಮೆಯ ಹಿಂದಿನ ದಿನ ವಿಜಯಪುರದ ಗಾಂಧಿ ಚೌಕದಲ್ಲಿ ಬೆಳ್ಳುಳ್ಳಿ ಕೊಳ್ಳುತ್ತ ನಿಂತಿದ್ದೆ. ಹಿಂದಿನ ಓಣಿಯಲ್ಲಿ ಯಾರೋ ಹಬ್ಬಕ್ಕೆ ಬಾರಿಸುವ ಹಲಗೆ ಕಾಸುತ್ತಿದ್ದರು. ಜೋಳದ ಒಣ ದಂಟಿಗೆ ನಮ್ಮಲ್ಲಿ ಕಣಕಿ ಅನ್ನುತ್ತಾರೆ. ಕಣಕಿಗೆ ಬೆಂಕಿ ಹಚ್ಚಿ, ಹಲಗೆಯ ಚರ್ಮವನ್ನು ಆ ಉರಿಯ ಮೇಲೆ ತಿರುವಿ ತಿರುವಿ ಬಿಗಿ ಮಾಡುತ್ತಾರೆ. ಸುಟ್ಟ ಕೂದಲಿನ ವಾಸನೆ ಮೊದಲು ಬರುತ್ತದೆ, ಹೊಗೆಯದು ಆಮೇಲೆ. ಮೂಗಿಗೆ ಅದು ಬಡಿದದ್ದೇ ನನ್ನ ಎಡ ದವಡೆ ಜುಂ ಅಂದಿತು. ಆ ಕಡೆ ನನಗೆ ಹಲ್ಲಿಲ್ಲ. ವಯಸ್ಸಾಗಿ ಬಿದ್ದವಲ್ಲ ಅವು, ಒದ್ದು ಉದುರಿಸಿದ್ದು.

"ಯಾಕ ಆಯಿ, ತಗೋತಿಯೋ ಇಲ್ಲೋ?" ಅಂದಳು ಬೆಳ್ಳುಳ್ಳಿಯವಳು. ತಗೊಂಡು ಬಂದೆ.

ಕೋರೆಗಾಂವದ ಕಂಬವನ್ನು ಹಲ್ಲು ಹೋದ ಮೇಲಿನ ವರ್ಷಗಳಲ್ಲಿ ನಾನು ನೋಡಿ ಬಂದಿದ್ದೇನೆ. ಅದರ ಬಗ್ಗೆ ಬರೆಯುವುದಿಲ್ಲ, ಕೈಯಲ್ಲಿ ಫೋನಿದ್ದವರು ಯಾರು ಬೇಕಾದರೂ ನೋಡಬಹುದು. ನಾನು ಬರೆಯುತ್ತಿರುವುದು ಹೋಗಬೇಕೆಂದು ರೊಟ್ಟಿ ಗಂಟು ಕಟ್ಟಿ, ಹೋಗದೇ ಉಳಿದ ವರ್ಷದ್ದು.

ಆಗ ಹಳ್ಳಿಯಲ್ಲಿದ್ದೆವು, ಬಬಲೇಶ್ವರದ ಆಚೆ. ಊರ ಹೆಸರು ಹಾಕುವುದಿಲ್ಲ. ನಮ್ಮವರು ಇನ್ನೂ ಅಲ್ಲಿ ಇದ್ದಾರೆ, ಅದೇ ಬಾವಿಯ ನೀರು ಕುಡಿಯುತ್ತಾರೆ. ನಮ್ಮ ಕೇರಿ ಊರ ಹೊರಗೆ. ಕೇರಿಯವರು ಬುದ್ಧನ ಕಡೆ ಹೋಗಿ ಬಹಳ ವರ್ಷ ಆಗಿತ್ತು. ಗೋಡೆಯ ಮೇಲಿನ ದೇವರು ಹೋಗಿ ನೀಲಿ ಕೋಟಿನ ಫೋಟೋ ಬಂದಿತ್ತು. ಹಲಗೆ ಮಾತ್ರ ಹೋಗಿರಲಿಲ್ಲ. ಊರಿನ ಹಲಗೆ ನನ್ನ ಗಂಡನ ಮನೆತನದ್ದು. ಊರಲ್ಲಿ ಯಾರು ಸತ್ತರೂ, ಅದರಲ್ಲೂ ಗೌಡರ ಮನೆಯಲ್ಲಿ ಸತ್ತರೆ, ನನ್ನ ಗಂಡ ಶಿವಪ್ಪ ಮುಂದೆ ಬಾರಿಸುತ್ತ ಹೋಗಬೇಕು, ಹೆಣ ಹಿಂದೆ ಬರಬೇಕು. ಮದುವೆಯ ಬಡಿತ ಬೇರೆ, ಡಂಗುರದ್ದು ಬೇರೆ, ಹೆಣದ್ದು ಬೇರೆ. ಹೆಣದ ಬಡಿತವನ್ನು ಅವನಂತೆ ಬಾರಿಸುವವನು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಹಲಗೆ ಇಲ್ಲದೆ ಹೋದ ಹೆಣ ದಾರಿ ತಪ್ಪುತ್ತದೆ, ಮತ್ತೆ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ಅವನು ಖರೆ ಖರೆ ನಂಬಿದ್ದ.

ಅದೇ ಬಲಗೈಯಿಂದ ನನ್ನನ್ನೂ ಹೊಡೆಯುತ್ತಿದ್ದ. ಕುಡಿಯುವವನಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ, ಎದುರು ಮಾತಾಡಿದರೆ ಹೊಡೆಯುತ್ತಿದ್ದ. ನಾನು ಎದುರು ಮಾತಾಡುವುದನ್ನು ಬಿಡಲಿಲ್ಲ, ಅವನು ಹೊಡೆಯುವುದನ್ನು ಬಿಡಲಿಲ್ಲ. ಮಗ ರಮೇಶ ದೊಡ್ಡವನಾಗಿ ಒಂದು ದಿನ ಆ ಕೈ ಹಿಡಿದುಕೊಂಡ ಮೇಲೆ ನಿಂತಿತು.

ಅದು ಡಿಸೆಂಬರ್. ಬಿಳಿಜೋಳ ತೆನೆ ಬಿಟ್ಟಿತ್ತು, ತೊಗರಿ ಕೊಯ್ಲಿಗೆ ಬಂದಿತ್ತು. ನಾವು ಹೆಂಗಸರು ಜೀಪು ಹತ್ತಿ ಟಿಕೋಟಾದ ಕಡೆ ದ್ರಾಕ್ಷಿ ತೋಟಕ್ಕೆ ಹೋಗುತ್ತಿದ್ದೆವು. ಗೊನೆಯೊಳಗಿನ ಹೆಚ್ಚಿನ ಕಾಯಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಉದುರಿಸುವ ಕೆಲಸ. ದಿನವೆಲ್ಲ ಕತ್ತು ಮೇಲೆತ್ತಿ ನಿಲ್ಲಬೇಕು. ಔಷಧಿ ಹೊಡೆದ ಎಲೆ ತಾಗಿ ಕಣ್ಣು ಉರಿಯುತ್ತಿತ್ತು. ಊರಿಗೂ ಆ ಚಳಿಗಾಲದಲ್ಲಿ ಎಂಥದೋ ಉರಿ ಹತ್ತಿತ್ತು. ನೀರಿನ ಪಾಳಿಗೆ ಅಣ್ಣತಮ್ಮಂದಿರು ಸಲಿಕೆಯಿಂದ ಬಡಿದಾಡಿ ಒಬ್ಬನ ಕಿವಿ ಹರಿಯಿತು. ರಮೇಶ ಪಿಕಪ್ ಗಾಡಿ ಓಡಿಸುತ್ತಿದ್ದ. ಗೌಡರ ಕಟ್ಟೆಯ ಮುಂದೆ ಹಾರ್ನ್ ಹೊಡೆದನೆಂದು ಅವನ ಗಾಡಿಯ ಟೈರು ಕೊಯ್ದಿದ್ದರು. ಯಾರು ಎಂದು ಕೇಳುವ ಹಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಗೌಡ ಸತ್ತ ಮೇಲೆ ಮನೆಯ ಯಜಮಾನಿಕೆ ಮಗ ಸಣ್ಣಗೌಡನ ಕೈಗೆ ಬಂದಿತ್ತು, ಮತ್ತು ಅವನ ಕೈ ಸುಮ್ಮನೆ ಇರುವ ಕೈಯಲ್ಲ.

ಕೋರೆಗಾಂವದ ಮಾತು ತೆಗೆದವಳು ಸೊಸೆ ಸವಿತಾ. ಸೊಲ್ಲಾಪುರದ ಕಡೆಯ ಹುಡುಗಿ. ಒಂದು ಸಂಜೆ ರೊಟ್ಟಿ ಬಡಿಯುತ್ತ ಅಂದಳು:

"ಅತ್ತಿ, ಈ ಸಲ ಹೊಸ ವರ್ಷಕ್ಕ ಕೋರೆಗಾಂವಕ್ಕ ಹೋಗೂಣರಿ. ನಮ್ಮ ತವರು ಮನ್ಯಾಗ ವರ್ಷಾ ಹೋಗತಾರ."

"ಏನೈತಿ ಅಲ್ಲಿ?"

"ಭೀಮಾ ಹೊಳಿ ದಂಡಿಗೆ ಕಲ್ಲಿನ ಕಂಬ ಐತಿ. ನಮ್ಮನ್ನ ತುಳದ ಪೇಶ್ವೆ ದಂಡಿನ ಎದುರು ನಮ್ಮ ಮಂದಿ ಬಡದಾಡಿದ ಜಾಗಾ ಅದು. ಸತ್ತವರ ಹೆಸರು ಕಂಬದ ಮ್ಯಾಲ ಕೆತ್ತ್ಯಾರ."

"ಯಾರ ಸಲುವಾಗಿ ಬಡದಾಡಿದ್ರು?"

"ಇಂಗ್ರೇಜರ ಫೌಜಿನ್ಯಾಗ ಇದ್ರು."

"ಹಂಗಾರ ಪಗಾರಕ್ಕ ಬಡದಾಡ್ಯಾರ. ನಾನೂ ಪಗಾರಕ್ಕ ದ್ರಾಕ್ಷಿ ಕತ್ತರಸ್ತೇನಿ. ನನಗ್ಯಾರ ಕಂಬ ನಿಲ್ಲಸ್ತಾರ?"

"ನೀವು ಆ ಕತ್ತರಿ ಹಿಡಕೊಂಡು ಗೌಡರ ಮುಂದ ನಿಲ್ರಿ. ನಾನ ನಿಲ್ಲಸ್ತೇನಿ."

ನಾನು ನಕ್ಕುಬಿಟ್ಟೆ. ಸೊಸೆಗೆ ನಾಲಿಗೆ ಇತ್ತು, ನನಗೆ ನಾಲಿಗೆ ಇದ್ದವರು ಸೇರುತ್ತಾರೆ.

ಶಿವಪ್ಪ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಅವನಿಗೆ ಜೀಪು ಹತ್ತಿದರೆ ವಾಂತಿ, ಆದ್ದರಿಂದ ಬರುವುದಿಲ್ಲ ಅನ್ನುವುದು ಮೊದಲೇ ಗೊತ್ತಿದ್ದ ಮಾತು. ಆದರೆ ಕೇಳಿದ: "ಆ ಸತ್ತವರಿಗೆ ಹಲಗಿ ಬಾರಿಸಿದ್ರೇನು?"

"ಲಡಾಯದಾಗ ಯಾರ ಬಾರಸ್ತಾರ ಮಾವಾ? ಹಂಗ ಮಣ್ಣ ಮಾಡಿರಬೇಕು, ಇಲ್ಲಾ ಸುಟ್ಟಿರಬೇಕು."

"ಆಮ್ಯಾಲೂ ಯಾರೂ ಬಾರಿಸಿಲ್ಲ?"

"ಈಗ ಹಲಗಿ, ಬ್ಯಾಂಡು ಎಲ್ಲಾ ಬಾರಸ್ತಾರ. ಕುಣೀತಾರ."

"ಅದು ಕುಣಿಯೂ ಬಡಿತಾ. ನಾ ಕೇಳಿದ್ದು ಹೆಣದ್ದು."

ಸವಿತಾ ಇಲ್ಲವೆಂದು ತಲೆಯಾಡಿಸಿದಳು. ಶಿವಪ್ಪ ಬೀಡಿ ಆರಿಸಿ ಅಂದ: "ಹಂಗಾರ ಎರಡ ನೂರ ವರ್ಷಾತು, ದಾರಿ ತಪ್ಪಿ ನಿಂತಾವ ಅವು. ನಾ ಬರತೇನಿ."

ಮಂದಿ ಕಂಬಕ್ಕೆ ಕೈ ಮುಗಿಯಲು ಹೋಗುತ್ತಾರೆ. ನನ್ನ ಗಂಡ ಹೊರಟದ್ದು ಬಾಕಿ ಉಳಿದ ಹೆಣಗಳಿಗೆ ಬಾರಿಸಿ ಬರಲು. ಅವನಿಗೆ ಅದು ಕೆಲಸ.

ಆಮೇಲೆ ಕೇರಿಯಲ್ಲಿ ಬೇರೆ ಮಾತೇ ಇಲ್ಲ. ಟಿಕೋಟಾದ ಇಮಾಮಸಾಬನ ಕ್ರೂಸರ್ ಗಾಡಿ ಹೇಳಿದೆವು. ಅವನು ರಮೇಶನ ಜೊತೆ ದ್ರಾಕ್ಷಿ ಸಾಗಿಸುವವನು, ಬಾಯಿ ತುಂಬ ಎಲೆ ಅಡಿಕೆ, ಮಾತು ಕಡಿಮೆ. ನಸುಕಿಗೆ ಹೊರಡುವುದು, ಧೂಳಖೇಡದ ಹತ್ತಿರ ಭೀಮಾ ದಾಟುವುದು, ಸೊಲ್ಲಾಪುರದಲ್ಲಿ ಸವಿತಾಳ ತವರಲ್ಲಿ ಚಹಾ ಕುಡಿಯುವುದು, ಅಲ್ಲಿಂದ ಪುಣೆಯ ದಾರಿ. ಕಿಟಕಿ ಸೀಟು ಯಾರಿಗೆ ಎಂದು ಹೆಂಗಸರು ಜಗಳಾಡಿದರು. ಬಿಳಿ ಸೀರೆ ಯಾರ ಹತ್ತಿರ ಇಲ್ಲವೋ ಅವರು ಇದ್ದವರ ಹತ್ತಿರ ಕೇಳಿದರು. ನನಗೆ ಕಿಟಕಿ ಸೀಟು ಸಿಕ್ಕಿತು, ಶಿವಪ್ಪ ವಾಂತಿ ಮಾಡಿದರೆ ಅವನ ತಲೆ ಹೊರಗೆ ಹಿಡಿಯಬೇಕಲ್ಲ, ಅದಕ್ಕೆ.

ಶಿವಪ್ಪ ಹಲಗೆಗೆ ಹೊಸ ಚರ್ಮ ಕಟ್ಟಿದ. ಸತ್ತ ಎಮ್ಮೆಗರುವಿನ ಚರ್ಮ ತಂದು, ನೆನೆಹಾಕಿ, ಕೂದಲು ಹೆರೆದು, ಹುಣಸೆ ಬೀಜದ ಅಂಟು ಹಚ್ಚಿ ಕಟ್ಟಿಗೆಯ ಬಳೆಗೆ ಎಳೆದು ಬಿಗಿದ. ಮನೆ ನಾರಿತು. ನಾನು ಬೈದೆ. ಅವನು ಕೇಳಿಸಿಕೊಳ್ಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನ ಮುಖದಲ್ಲಿ ಯಾರೂ ಹೇಳದ ಕೆಲಸ ಮಾಡುವವನ ಕಳೆ ಇತ್ತು.

ಆಗ ಗೌಡರ ಮನೆಯಲ್ಲಿ ಸಣ್ಣಗೌಡನ ತಾಯಿ ದೊಡ್ಡಗೌಡ್ತಿ ಹಾಸಿಗೆ ಹಿಡಿದಿದ್ದಳು. ಇವತ್ತು ಹೋಗುತ್ತಾಳೆ, ನಾಳೆ ಹೋಗುತ್ತಾಳೆ ಎಂದು ಊರು ಕಾಯುತ್ತಿತ್ತು. ಆಕೆ ನಮಗೆ ನೀರನ್ನು ಮೇಲಿಂದ ಸುರಿದು ಕುಡಿಸಿದವಳು. ಬರ ಬಿದ್ದ ವರ್ಷ ಸಣ್ಣವನಿದ್ದ ಶಿವಪ್ಪನಿಗೆ ದಿನಾ ನುಚ್ಚು ಹಾಕಿದವಳೂ ಆಕೆಯೇ. ಎರಡೂ ಖರೆ.

ಹೊರಡುವುದರ ಹಿಂದಿನ ದಿನ ಮಧ್ಯಾಹ್ನ. ಬಬಲೇಶ್ವರದ ಸಂತೆ, ಊರಿನ ಅರ್ಧ ಗಂಡಸರು ಅಲ್ಲಿಗೆ ಹೋಗಿದ್ದರು. ನಾನು ದಾರಿಯ ಚಟ್ನಿಗೆಂದು ಒಣ ಮೆಣಸಿನಕಾಯಿ ಕುಟ್ಟುತ್ತಿದ್ದೆ. ಶಿವಪ್ಪ ಕೇರಿಯ ಹಿಂದಿನ ಬಯಲಲ್ಲಿ ಕಣಕಿ ಉರಿಸಿ ಹಲಗೆ ಕಾಸಿದ. ಬೆರಳಿಂದ ತಟ್ಟಿ ನೋಡಿದ. ಎಡಹೆಗಲಿಗೆ ಆನಿಸಿ, ಎಡಗೈಗೆ ಸಣ್ಣ ಕಡ್ಡಿ, ಬಲಗೈಗೆ ದಪ್ಪ ಕೋಲು ಹಿಡಿದು, ಹೊಸ ಚರ್ಮ ಹೇಗೆ ನುಡಿಯುತ್ತದೋ ನೋಡಲು ಬಾರಿಸಿದ. ಬಾರಿಸಿದ್ದು ಹೆಣದ ಬಡಿತ. ಅಲ್ಲಿ ಬಾರಿಸಬೇಕಾದದ್ದು ಅದೇ ಅಲ್ಲವೇ.

ಹೊಸ ಚರ್ಮ, ಬಿಸಿಲು, ತಂಪು ಗಾಳಿ. ಶಬ್ದ ಊರು ದಾಟಿ ಹೊಲಕ್ಕೆ ಹೋಯಿತು. ನನಗೂ ಹೊಳೆಯಲಿಲ್ಲ. ನನಗೆ ಅದು ದಿನಾ ಕೇಳಿದ ಸಪ್ಪಳ.

ಗೌಡರ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದ ಹೆಂಗಸರು ಕುಡಗೋಲು ಬಿಸಾಡಿದರು. ಹೆಣದ ಬಡಿತ ಅಂದರೆ ಊರಿಗೆ ಒಂದೇ ಅರ್ಥ, ದೊಡ್ಡಗೌಡ್ತಿ ಹೋದಳು. ಒಬ್ಬಳು ಬೋರಾಡಿ ಅತ್ತಳು, ಅವಳನ್ನು ಕೇಳಿ ಇನ್ನೊಬ್ಬಳು. ತಲೆಗೆ ಮಣ್ಣು ಹಾಕಿಕೊಳ್ಳುತ್ತ ಎಲ್ಲರೂ ಗೌಡರ ಮನೆಯ ಕಡೆ ಓಡಿದರು. ಯಾರೋ ಟಿಕೋಟಾದ ಬೀಗರಿಗೆ ಫೋನು ಮಾಡಿದರು. ಯಾರೋ ಸಂತೆಯಲ್ಲಿದ್ದ ಸಣ್ಣಗೌಡನಿಗೆ ಮಾಡಿದರು.

ಇತ್ತ ಶಿವಪ್ಪ ಬಾರಿಸುವುದು ನಿಲ್ಲಿಸಿ ಹಲಗೆ ಒರೆಸುತ್ತಿದ್ದ. ಆಗ ಅವನಿಗೆ ಆ ಅಳು ಕೇಳಿಸಿತು.

"ಗೌಡರ ಮನ್ಯಾಗ ಅಳಾಕತ್ತಾರ," ಅಂದ. "ಯವ್ವ ಹೋದ್ಲ ಕಾಣತೈತಿ."

"ಹೋಗಿರಬೇಕು," ಅಂದೆ ನಾನೂ. ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು, ಒನಕೆಯ ಸಪ್ಪಳ, ನನ್ನ ಬುದ್ಧಿಯೂ ಅಷ್ಟಕ್ಕೆ ನಿಂತಿತ್ತು.

ಅವನು ನಾಳೆಯ ಪಯಣ ತಪ್ಪಿತಲ್ಲ ಎಂದು ಒಂದು ಮಾತು ಗೊಣಗಲಿಲ್ಲ. ಹಲಗೆ ಇನ್ನೂ ಬಿಸಿ ಇತ್ತು. ಹೆಗಲಿಗೆ ಏರಿಸಿ, ಹೆಣದ ಬಡಿತ ಬಾರಿಸುತ್ತ, ಪದ್ಧತಿಯ ಪ್ರಕಾರ ನಿಧಾನ ಹೆಜ್ಜೆ ಹಾಕುತ್ತ ಗೌಡರ ಬಾಗಿಲಿಗೆ ಹೋದ. ಅವನ ಬಡಿತಕ್ಕೆ ಅವರು ಅತ್ತರು, ಅವರ ಅಳುವಿಗೆ ಅವನು ಬಾರಿಸುತ್ತ ಹೋದ.

ಅಲ್ಲಿ ಆದದ್ದನ್ನು ಕಣ್ಣಾರೆ ಕಂಡ ನಮ್ಮ ಕೇರಿಯ ಹೆಂಗಸರು ಆಮೇಲೆ ಹೇಳಿದರು. ಬಾಗಿಲ ಮುಂದೆ ಮಂದಿ ಕೂಡಿತ್ತು. ಒಳಗಿಂದ ಗೋಡೆ ಹಿಡಿದುಕೊಂಡು, ಕೈಯಲ್ಲಿ ಗಂಜಿ ಬಟ್ಟಲು ಹಿಡಿದುಕೊಂಡು, ದೊಡ್ಡಗೌಡ್ತಿ ಹೊಸ್ತಿಲಿಗೆ ಬಂದಳು.

"ಯಾರ ಸತ್ತಾರಲೇ ಶಿವ್ಯಾ?"

ಶಿವಪ್ಪನ ಕೈ ನಿಂತಿತು. "ಗೊತ್ತಿಲ್ರಿ ಯವ್ವಾ. ನಿಮ್ಮನ್ನ ಕೇಳೂಣಂತ ಬಂದೆ."

"ನನಗಂತೂ ಯಾರೂ ಹೇಳಿಲ್ಲ ನೋಡು," ಅಂದಳಂತೆ ಮುದುಕಿ, ಗಂಜಿ ಕುಡಿಯುತ್ತ.

ಮಂದಿ ನಕ್ಕಿತು. ಅದೇ ಹೊತ್ತಿಗೆ ಟಿಕೋಟಾದಿಂದ ಬೀಗರ ಜೀಪು ಬಂದು ನಿಂತಿತು, ಒಳಗೆ ಹೂವಿನ ಹಾರ. ಹಾರ ಹಿಡಿದವನು ಮುದುಕಿಯನ್ನು ನೋಡಿ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಮಂದಿ ಇನ್ನೂ ನಕ್ಕಿತು. ಆ ನಗೆಯೊಳಗೆ ಸಣ್ಣಗೌಡ ಬಂದ. ಸಂತೆಯಲ್ಲಿ ಎಲ್ಲರ ಮುಂದೆ ಎದೆ ಬಡಿದುಕೊಂಡು ಅತ್ತು, ಮೋಟರ್ ಸೈಕಲ್ ಮೇಲೆ ಓಡಿ ಬರುವಾಗ ದಾರಿಯಲ್ಲಿ ಬಿದ್ದು, ಮೊಣಕಾಲು ತರಚಿ ರಕ್ತ, ಮುಖದ ಮೇಲೆ ಮಣ್ಣು, ಕಣ್ಣೀರು. ಅವನು ಕಂಡದ್ದು ಗಂಜಿ ಕುಡಿಯುವ ತಾಯಿ, ನಗುವ ಊರು, ಹಲಗೆ ಹಿಡಿದು ನಿಂತ ಶಿವಪ್ಪ.

ತಾಯಿ ಬದುಕಿದ್ದಾಳೆಂದು ಅವನಿಗೆ ಸಂತೋಷ ಆಗಬೇಕಿತ್ತು. ಆದರೆ ಅತ್ತದ್ದನ್ನು ಮಂದಿ ನೋಡಿಬಿಟ್ಟಿತ್ತು.

ಕೇರಿಯ ಹುಡುಗಿಯೊಬ್ಬಳು ಓಡಿ ಬಂದು "ದೊಡ್ಡವ್ವಾ, ಕಾಕಾನ್ನ ಹೊಡ್ಯಾಕತ್ತಾರ" ಅಂದಳು. ಕೈಯಲ್ಲಿದ್ದ ಒನಕೆಯನ್ನು ಇಡಬೇಕೆಂಬುದೂ ನೆನಪಾಗಲಿಲ್ಲ. ನಾನು ಹೋಗುವ ಹೊತ್ತಿಗೆ ಹಲಗೆಯನ್ನು ಕಾಲಿಂದ ತುಳಿದು ಹರಿದಿದ್ದರು. ಶಿವಪ್ಪನನ್ನು ಮೆಟ್ಟಿಲ ಬುಡದಲ್ಲಿ ಬೋರಲು ಕೆಡವಿ, ಇಬ್ಬರು ಬೆನ್ನ ಮೇಲೆ ಕೂತು, ಒಬ್ಬ ಬಲಗೈಯನ್ನು ಎಳೆದು ಮೆಟ್ಟಿಲ ಕಲ್ಲಿನ ಮೇಲೆ ಚಾಚಿ ಹಿಡಿದಿದ್ದ. ಸಣ್ಣಗೌಡನ ಕೈಯಲ್ಲಿ ಕೊಡಲಿಯ ಕಾವು.

"ಜೀವಂತ ಇದ್ದಾಕಿಗೆ ಬಾರಸ್ತಿಯೇನಲೇ? ಈ ಕೈಲೆ ಬಾರಸ್ತಿಯೇನು?"

ಒಂದು ಏಟಿಗೆ ಮುಂಗೈ, ಇನ್ನೊಂದಕ್ಕೆ ಬೆರಳು. ತೊಗರಿ ಕಟ್ಟಿಗೆ ಮುರಿದಂತಹ ಸಪ್ಪಳ. ಆ ಕೈ ನನ್ನನ್ನು ಎಷ್ಟೋ ಸಲ ಬಡಿದಿತ್ತು. ಅದು ಮುರಿದಾಗ ನನಗೆ ಸಂತೋಷ ಆಗಲಿಲ್ಲ, ಅಷ್ಟನ್ನೇ ಹೇಳಬಲ್ಲೆ. ನಾನು ಒನಕೆ ಎತ್ತಿ ಸಣ್ಣಗೌಡನ ಹಣೆಗೆ ಹೊಡೆದೆ. ತುದಿಗೆ ಕಬ್ಬಿಣದ ಬಳೆ ಇದ್ದ ಒನಕೆ. ಹುಬ್ಬಿನ ಮೇಲೆ ಚರ್ಮ ಒಡೆದು ರಕ್ತ ಕಣ್ಣಿಗೆ ಇಳಿಯಿತು. ಬೆನ್ನ ಮೇಲೆ ಕೂತಿದ್ದವನೊಬ್ಬ ಎದ್ದು ನನ್ನ ಜುಟ್ಟು ಹಿಡಿದ. ನನ್ನ ಎರಡೂ ಕೈ ಖಾರದಲ್ಲಿ ಮುಳುಗಿದ್ದ ಕೈ. ಅವನ ಕಣ್ಣಿಗೆ ತಿಕ್ಕಿದೆ. ಅವನು ಎಮ್ಮೆಯಂತೆ ಕೂಗಿಕೊಂಡ. ಆಮೇಲೆ ನನ್ನನ್ನು ಕೆಡವಿದರು. ಮುಖಕ್ಕೆ ಬೂಟು ಬಿತ್ತು. ಬಾಯಿಯಲ್ಲಿ ಹಲ್ಲೋ ಕಲ್ಲೋ ಗೊತ್ತಾಗಲಿಲ್ಲ, ಉಗುಳಿದೆ.

ಹೊಸ್ತಿಲಲ್ಲಿ ಮುದುಕಿ ಕೂಗುತ್ತಿದ್ದಳು, "ಬಿಡ್ರಲೇ, ಸಾಯ್ತಾನ ಬಿಡ್ರಲೇ." ಯಾರೂ ಕೇಳಲಿಲ್ಲ. ಅವಳ ಕಾಲಲ್ಲಿ ಬಲವಿರಲಿಲ್ಲ, ಅಲ್ಲೇ ಕುಸಿದು ಕೂತಳು.

ಆ ಹೊತ್ತಿಗೆ ರಮೇಶ, ನಾಳೆಯ ಪಯಣಕ್ಕೆಂದು ಇಮಾಮಸಾಬನನ್ನು ಗಾಡಿಯ ಸಮೇತ ಕರೆದುಕೊಂಡು ಕೇರಿಗೆ ಬಂದಿದ್ದ. ಸುದ್ದಿ ಕೇಳಿ ಓಡಿ ಬಂದ, ಅವನ ತಲೆಯೂ ಒಡೆಯಿತು. ಕೇರಿಯವರು ನಮ್ಮನ್ನು ಎಳೆದುಕೊಂಡು ಹಿಂದೆ ಸರಿದರು, ಗೌಡರ ಮಂದಿ ಬೆನ್ನಟ್ಟಿ ಬಂದು ಕೇರಿಗೆ ಕಲ್ಲು ತೂರಿದರು. ಹೆಂಚು ಒಡೆದವು, ರಮೇಶನ ಪಿಕಪ್ಪಿನ ಗಾಜು ಹೋಯಿತು, ಬಾಗಿಲ ಮುಂದೆ ಕಟ್ಟಿದ್ದ ಆಡನ್ನೂ ಬಿಡಲಿಲ್ಲ, ಅದರ ಸೊಂಟಕ್ಕೆ ಹೊಡೆದರು. ಇಮಾಮಸಾಬ ಗಾಡಿ ತಿರುಗಿಸಿ ಬಾಗಿಲು ತೆರೆದ. ಎಲೆ ಅಡಿಕೆ ಉಗುಳಿ ಒಂದೇ ಮಾತು ಅಂದ:

"ಹತ್ರಿ."

ಹತ್ತಿದೆವು. ಹಿಂದಿನ ಗಾಜಿಗೆ ಕಲ್ಲು ಬಿತ್ತು. ಅವನು ತಿರುಗಿ ನೋಡಲಿಲ್ಲ. ಗಾಡಿ ಬಬಲೇಶ್ವರ ದಾಟಿದ ಮೇಲೆ ನೋಡುತ್ತೇನೆ, ಕೋರೆಗಾಂವಕ್ಕೆಂದು ಯಾರ್‍ಯಾರು ಎಲ್ಲೆಲ್ಲಿ ಕೂರಬೇಕೆಂದು ಜಗಳಾಡಿದ್ದೆವೋ ಹೆಚ್ಚುಕಡಿಮೆ ಹಾಗೇ ಕೂತಿದ್ದೆವು. ನಾನು ಕಿಟಕಿಗೆ. ಶಿವಪ್ಪ ನನ್ನ ತೊಡೆಯ ಮೇಲೆ. ಸವಿತಾಳ ಮಡಿಲಲ್ಲಿ ಪಯಣಕ್ಕೆಂದು ಒಣಗಿಸಿಟ್ಟ ಕಟಕ ರೊಟ್ಟಿಯ ಗಂಟು.

"ಅದನ್ಯಾಕ ತಂದಿ ಬೇ?" ಅಂದೆ, ರಕ್ತ ಉಗುಳುತ್ತ.

"ದವಾಖಾನ್ಯಾಗ ಉಣ್ಣಾಕ ಬೇಕಲ್ಲರಿ ಅತ್ತಿ," ಅಂದಳು. ಅವಳ ಹಲ್ಲು ಕಟಕಟ ಅನ್ನುತ್ತಿದ್ದವು.

ವಿಜಯಪುರದ ಸರಕಾರಿ ದವಾಖಾನೆಯಲ್ಲಿ ಶಿವಪ್ಪನ ಕೈಗೆ ಪಟ್ಟಿ ಕಟ್ಟಿದರು, ರಮೇಶನ ತಲೆಗೆ ಹೊಲಿಗೆ ಹಾಕಿದರು. ಡಾಕ್ಟರು ಬೆರಳು ಮೊದಲಿನಂತೆ ಮಡಚುವುದು ಅನುಮಾನ ಅಂದರು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು, ನಾನು ಒನಕೆಯಿಂದ ಹೊಡೆದದ್ದನ್ನೂ ಬರೆಸಿದೆ. "ಅದನ್ನ ಯಾಕ ಹೇಳತಿ ಯವ್ವಾ," ಎಂದು ರಮೇಶ ಸಿಟ್ಟಾದ. ಹೊಡೆದದ್ದು ಖರೆ, ಯಾಕೆ ಮುಚ್ಚಿಡಲಿ. ಆ ಕೇಸು ಇಂದಿಗೂ ಮುಗಿದಿಲ್ಲ, ತಾರೀಖಿನ ಮೇಲೆ ತಾರೀಖು ಬೀಳುತ್ತದೆ.

ಹೊಸ ವರ್ಷದ ದಿನ ಬೆಳಿಗ್ಗೆ ಸವಿತಾ ಫೋನಿನಲ್ಲಿ ಕೋರೆಗಾಂವ ತೋರಿಸಿದಳು. ಕಂಬಕ್ಕೆಲ್ಲ ಹೂವು, ಸುತ್ತ ಕಡಲಿನಂತೆ ಮಂದಿ, ನೀಲಿ ಬಾವುಟ. ಶಿವಪ್ಪ ಮಲಗಿದಲ್ಲಿಂದಲೇ ನೋಡಿದ.

"ಹಲಗಿ ಕೇಳಸಾಕತ್ತೈತಿ," ಅಂದ. "ಆದ್ರ ಕುಣಿಯೂದು ಐತಿ."

ಅಷ್ಟರಲ್ಲಿ ಆ ಫೋನಿಗೇ ಕೇರಿಯಿಂದ ಕರೆ ಬಂತು. ದೊಡ್ಡಗೌಡ್ತಿ ನಸುಕಿನಲ್ಲಿ ತೀರಿಕೊಂಡಳು. ಈ ಸಲ ಖರೇನೇ.

ಶಿವಪ್ಪ ಎದ್ದು ಕೂತ. ಮುರಿದ ಕೈ ಎದೆಗೆ ಹಿಡಿದುಕೊಂಡು ಕಾಲು ಕೆಳಗೆ ಇಟ್ಟ.

"ನನ್ನ ಚಪ್ಪಲಿ ಎಲ್ಲೆವ?"

"ಎಲ್ಲಿಗಿ?" ಅಂದೆ.

"ಆಕಿನ್ನ ಮುಟ್ಟಿಸಿ ಬರತೇನಿ. ಹಳೀ ಹಲಗಿ ಒಂದು ಅಟ್ಟದ ಮ್ಯಾಲ ಐತಿ."

"ಮಾವಾ, ಕೈ ಮುರದಾರ ಅವರು," ಅಂದಳು ಸವಿತಾ.

"ಮುರದಾಂವ ಆಕಿ ಮಗಾ. ಸತ್ತಾಕಿ ಆಕಿ. ಎಡಗೈ ಐತೆಲ್ಲ ನನಗ."

"ಹೋಗು," ಅಂದೆ ನಾನು. "ಹೋಗಿ ಬಾರಸು. ವಾಪಸ್ ನನ್ನ ಮನಿಗಿ ಬರಬ್ಯಾಡ. ನನ್ನ ಹಲ್ಲ ಉದುರಿದ ಮೆಟ್ಟಲದ ಮ್ಯಾಲ ನಿಂತು ಬಾರಿಸಿ ಬಂದವಗ ನಾ ರೊಟ್ಟಿ ಹಾಕೂದಿಲ್ಲ."

ಅವನು ನನ್ನನ್ನು ನೋಡಿದ. ನಾನು ಚಪ್ಪಲಿಯನ್ನು ಕಾಲಿಂದ ಮಂಚದ ಕೆಳಗೆ ತಳ್ಳಿದೆ. ಅವನು ಬಾಗಿ ಅದನ್ನು ಹುಡುಕತೊಡಗಿದ. ಹೋಗಿಯೇ ಬಿಡುತ್ತಾನೆ ಅಂದುಕೊಂಡೆ. ಅವನಿಗೆ ಹೆಣ ದಾರಿ ತಪ್ಪುವುದು ನನ್ನ ಹಲ್ಲಿಗಿಂತ ದೊಡ್ಡದು.

ಆಗ ವಾರ್ಡಿನ ಬಾಗಿಲಲ್ಲಿ ಸಣ್ಣಗೌಡ ಕಂಡ. ಹಣೆಗೆ ಪಟ್ಟಿ, ಒಂದು ಕಣ್ಣು ಊದಿ ಮುಚ್ಚಿತ್ತು. ಹಿಂದೆ ಇಬ್ಬರು. ರಮೇಶ ಸಲಾಯಿನ್ ಕಂಬಕ್ಕೆ ಕೈ ಹಾಕಿದ. ಇಮಾಮಸಾಬ ಗೋಡೆ ಬಿಟ್ಟು ಮುಂದೆ ಬಂದು ನಿಂತ.

"ಶಿವಪ್ಪಣ್ಣ," ಅಂದ ಸಣ್ಣಗೌಡ. ಹುಟ್ಟಿದಾಗಿನಿಂದ ಶಿವ್ಯಾ ಅಂದ ಬಾಯಿ. "ಅವ್ವ ಹೋದ್ಲು."

"ಕೇಳಿದ್ನಿರಿ."

"ಬೀಗರೆಲ್ಲಾ ಬಂದು ಕುಂತಾರ. ಬ್ಯಾಂಡ ತರಸ್ತೇನಿ ಅಂದೆ. ಬ್ಯಾಂಡ ಹಿಂದಿಂದ ಬರ್ಲಿ, ಮುಂದ ಮನಿತನದ ಹಲಗಿ ಆಗಬೇಕು ಅಂತ ಹಿರ್‍ಯಾರು ಹಟ ಹಿಡದಾರ. ಗಾಡಿ ತಂದೇನಿ. ನಿನ್ನ ಮಗ ಬಾರಿಸ್ಲಿ, ನೀ ಬಾಜೂಕ ನಿಂತ್ರೂ ನಡೀತೈತಿ."

"ನಾ ಬಾರಸಾಂಗಿಲ್ಲ," ಅಂದ ರಮೇಶ.

"ಹೋಳಿ ಹುಣ್ಣಿವಿಗೆ ನೀವೂ ಹಲಗಿ ಬಾರಸ್ತೀರಲ್ಲ ಗೌಡ್ರ," ಅಂದೆ. ತುಟಿ ಊದಿ ಮಾತು ತೊದಲುತ್ತಿತ್ತು. "ನಿಮ್ಮವ್ವಗ ನೀವ ಬಾರಸ್ರಿ."

ಅವನು ನಮ್ಮಿಬ್ಬರ ಕಡೆ ನೋಡಲಿಲ್ಲ. ಶಿವಪ್ಪನಿಗೇ ಹೇಳಿದ. ದನಿಯಲ್ಲಿದ್ದ ಅಣ್ಣ ಅನ್ನುವುದು ಆಗಲೇ ಸವೆಯುತ್ತ ಬಂದಿತ್ತು.

"ತಪ್ಪು ನಿಂದೂ ಐತಿ. ಜೀವ ಇದ್ದಾಕಿ ಮುಂದ ಹೆಣದ ಬಡಿತಾ ಬಾರಿಸೀದಿ. ಆಕಿ ಜೀವ ಆವಾಗ ಹೆದರಿ ಹೋತು. ನಿನ್ನ ಬಡಿತಕ್ಕ ಸತ್ತಾಳ ಅಂತ ಊರೆಲ್ಲಾ ಅನ್ನಾಕತ್ತೈತಿ. ಬಂದು ಬಾರಸು. ಬೀಗರ ಮುಂದ ತಪ್ಪಾತು ಅಂದು ಕಾಲ ಹಿಡಿ. ಕೇಸ್ ಹಿಂದಕ್ಕ ತಗೋ. ಅಲ್ಲಿಗೆ ಮುಗೀತು."

ಶಿವಪ್ಪನಿಗೆ ಒಂದು ಚಪ್ಪಲಿ ಸಿಕ್ಕಿತ್ತು. ಅದನ್ನು ಕಾಲಿಗೆ ಹಾಕಿಕೊಂಡು, ಇನ್ನೊಂದು ಬರಿಗಾಲು ನೆಲದ ಮೇಲಿಟ್ಟು ಕೂತಿದ್ದ. ಪಕ್ಕದ ಮಂಚದವರೂ ಉಣ್ಣುವುದು ಬಿಟ್ಟು ನೋಡುತ್ತಿದ್ದರು.

"ನನ್ನ ಬಡಿತಕ್ಕ ಯವ್ವ ಹೋಗ್ಯಾಳ ಅಂತೀರಿ?" ಅಂದ.

"ಊರ ಅಂತೈತಿ."

"ನೀವೇನಂತೀರಿ ಗೌಡ್ರ?"

"ನಾನೂ ಅದನ್ನ ಅಂತೇನಿ."

"ಹಂಗಾರ ಆಕಿಗೆ ನಾ ಬಾರಿಸಿದ್ದಾತ್ರಿ." ಶಿವಪ್ಪ ಚಪ್ಪಲಿ ಕಳಚಿದ. "ನಿಮ್ಮ ಬಾಗಲದಾಗ ನಿಂತು, ಊರೆಲ್ಲಾ ಕೇಳೂಹಂಗ ಬಾರಿಸೇನಿ. ನನ್ನ ಕೈಲೆ ಅಷ್ಟು ಚಲೋ ಬಡಿತಾ ಹಿಂದ ಬಂದಿದ್ದಿಲ್ಲ, ಮುಂದ ಬರೂದೂ ಇಲ್ಲ. ಒಂದ ಹೆಣಕ್ಕ ಎರಡ ಸಲ ಬಾರಸೂ ಪದ್ಧತಿ ಇಲ್ರಿ."

ಸಣ್ಣಗೌಡನ ಊದದ ಕಣ್ಣು ಕೆಂಪಾಯಿತು. ಕೈ ಮೇಲೆದ್ದಿತು. ನರ್ಸಬಾಯಿ ಕೂಗಿದಳು, ಇಮಾಮಸಾಬ ಇನ್ನೊಂದು ಹೆಜ್ಜೆ ಮುಂದೆ ಬಂದ. ಎದ್ದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವನು ಹಣೆಯ ಪಟ್ಟಿ ಮುಟ್ಟಿಕೊಂಡು ಹೊರಗೆ ಹೋದ.

ಸಂಜೆ ಕೇರಿಯಿಂದ ಫೋನು ಬಂತು. ಹೆಣ ಎತ್ತಿದರಂತೆ. ಬಬಲೇಶ್ವರದ ಬ್ಯಾಂಡು ತರಿಸಿದ್ದರಂತೆ. ಅವರಿಗೆ ಹೆಣದ ಬಡಿತ ಬರುವುದಿಲ್ಲ, ಮದುವೆಗೆ ಬಾರಿಸುವುದನ್ನೇ ಸಾವಕಾಶ ಬಾರಿಸುತ್ತ ಹೋದರಂತೆ. ಸವಿತಾ ಅದನ್ನು ಹೇಳಿ ನಕ್ಕಳು, ರಮೇಶ ನಕ್ಕ, ಬಾಯಿ ನೋಯುತ್ತಿದ್ದರೂ ನಾನೂ ನಕ್ಕೆ. ಶಿವಪ್ಪ ಗೋಡೆಯ ಕಡೆ ಹೊರಳಿದ. ಬೆನ್ನು ಅಲುಗುತ್ತಿತ್ತು.

"ಯಾಕ?" ಅಂದೆ.

"ಕೈ ನೋಯಾಕತ್ತೈತಿ."

"ನರ್ಸಬಾಯಿನ್ನ ಕರೀಲೇನು?"

"ಬ್ಯಾಡ," ಅಂದ.